ಎಂಡಾರ್ಫಿನ್‌ಗಳು

ಎಂಡಾರ್ಫಿನ್‌ಗಳು: ಮಿದುಳು, ಬೆನ್ನುಹುರಿ ಮತ್ತು ಪಿಟ್ಯುಟರಿ ಗ್ರಂಥಿಯಲ್ಲಿ ಸಹಜವಾಗಿ ಹುಟ್ಟಿ, ಮಾರ್ಫಿನ್ನಿನಂತೆ ನೋವು ತಗ್ಗಿಸುವ ಪೆಪ್ಟೈಡ್‌ಗಳು. ವಿಶಾಲಾರ್ಥದಲ್ಲಿ ಎನ್‌ಕೆಫಲಿನ್, ಡೈನಾರ್ಫಿನ್‌ಗಳೂ ಈ ಗುಂಪಿಗೆ ಸೇರುತ್ತವೆ.

ಜರ್ಮನಿಯ ಔಷಧ ತಯಾರಕ ಸೆರ್ಟ್ಯೂರ್ನರ್ 19ನೆಯ ಶತಮಾನದ ಆರಂಭದಲ್ಲಿ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ. ಅದು ನೋವನ್ನು ಹೇಗೆ ಅಡಗಿಸುತ್ತದೆಂಬುದು ಮಾತ್ರ ಒಂದೂವರೆ ಶತಮಾನ ತಿಳಿಯಲಿಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್, ನೋವಿನ ಸಂಕೇತಗಳು ಬೆನ್ನುಹುರಿಯಲ್ಲೇ ಹೆಚ್ಚುಕಡಿಮೆಯಾಗುತ್ತವೆ ಎಂಬ ‘ದ್ವಾರ ನಿಯಂತ್ರಣ’ ಸಿದ್ಧಾಂತ ಮಂಡಿಸಿದರು. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಗಳ ನಡುಮಿದುಳಿನ ಬೂದು ಭಾಗಕ್ಕೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ, ಅರಿವಳಿಕೆಯಿಲ್ಲದೆ ಉದರದ ಶಸ್ತ್ರಕ್ರಿಯೆ ನಡೆಸಿದರು. ನೋವನ್ನು ತಡೆಯುವ ವ್ಯವಸ್ಥೆ ಮಿದುಳಿನಲ್ಲೇ ಇದೆಯೆಂಬುದು ಇದರಿಂದ ಸ್ಪಷ್ಟವಾಯಿತು.

1973ರಲ್ಲಿ ಬಾಲ್ಟಿಮೋರ್‌ನ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್, ನ್ಯೂಯಾರ್ಕ್‌ನ ಎರಿಕ್ ಸೈಮನ್, ಸ್ವೀಡನ್ನಿನ ಲಾರ್ಸ್ ಟೆರೇನಿಯಸ್ ಪ್ರತ್ಯೇಕವಾಗಿ ದುಡಿದು, ಅಫೀಮಿನ ಬಗೆಯ ದ್ರವ್ಯಗಳು ಅಂಟಿಕೊಳ್ಳುವ ಗ್ರಾಹಕಗಳನ್ನು ನರಕೋಶಗಳಲ್ಲಿ ಗುರುತಿಸಿದರು. ಗಿಡವೊಂದರ ರಸಕ್ಕೆಂದು ದೇಹವು ಗ್ರಾಹಕ ಇಟ್ಟುಕೊಂಡಿರಲಾರದು. ಅಂಥದೇ ದ್ರವ್ಯ ದೇಹದೊಳಗೂ ಇರಬೇಕೆಂಬ ತರ್ಕ ಬಲವಾಯಿತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೊಸ್ಟರ್ಲಿಟ್ಸ್ ಹಂದಿಯ ಮಿದುಳಿನಿಂದ ಸಾರ ತೆಗೆದರು. ಗಿನಿಯಿಲಿಯ ಕರುಳಿನ ತುಂಡಿನ ಕುಗ್ಗುವಿಕೆಯನ್ನು ಅದು ಮಾರ್ಫಿನ್ನಿನಂತೆಯೇ ತಡೆಯಿತು. ಮಾರ್ಫಿನ್‌ಗೆ ಪ್ರತಿಯಾದ ನಲೋಕ್ಸೋನ್ ಹಾಕಿದಾಗ ಆ ತಡೆ ಹೋಯಿತು. 1975ರಲ್ಲಿ ಅವರು ಪ್ರಕಟಿಸಿದ ಎರಡು ಎನ್‌ಕೆಫಲಿನ್‌ಗಳಲ್ಲಿ ತಲಾ ಐದು ಅಮೈನೊ ಆಮ್ಲಗಳಿದ್ದವು; ಕೊನೆಯದೊಂದರಲ್ಲಿ ಮಾತ್ರ ವ್ಯತ್ಯಾಸ. ಮರುವರ್ಷ ಚೋ ಹಾವ್ ಲೀ ಒಂಟೆಯ ಪಿಟ್ಯುಟರಿಯಿಂದ 31 ಅಮೈನೊ ಆಮ್ಲಗಳ ಬೀಟಾ-ಎಂಡಾರ್ಫಿನ್ ಪಡೆದರು. 1979ರಲ್ಲಿ ಅವ್ರಾಮ್ ಗೋಲ್ಡ್‌ಸ್ಟೀನ್ ತಂಡ ಡೈನಾರ್ಫಿನ್ ವರದಿ ಮಾಡಿತು.

ಕಾರ್ಯವಿಧಾನ: ನಡುಮಿದುಳಿನಿಂದ ಹೊರಟ ಆದೇಶ ಮಿದುಳಕಾಂಡದ ಮೂಲಕ ಬೆನ್ನುಹುರಿಗೆ ಇಳಿಯುತ್ತದೆ. ಅಲ್ಲಿ ಬಿಡುಗಡೆಯಾದ ಎನ್‌ಕೆಫಲಿನ್, ನೋವು ತರುವ ನರತುದಿಗಳಿಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಗ್ಗಿಸುತ್ತದೆ. ಸಂಕೇತ ಒಯ್ಯುವ ರಾಸಾಯನಿಕಗಳ ಸ್ರಾವ ಇಳಿಯುತ್ತದೆ. ಸಂಕೇತ ಸ್ವೀಕರಿಸುವ ನರಕೋಶದಿಂದ ಪೊಟ್ಯಾಸಿಯಂ ಹೊರಹರಿದು, ಅದು ಸುಲಭವಾಗಿ ಉದ್ರೇಕಗೊಳ್ಳುವುದಿಲ್ಲ.

1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಹಲ್ಲು ಕೀಳಿಸಿಕೊಂಡವರನ್ನು ಪರೀಕ್ಷಿಸಿದರು. ಔಷಧಾಂಶವಿಲ್ಲದ ಹುಸಿಮದ್ದಿನಿಂದ ನೆಮ್ಮದಿ ಕಂಡಿದ್ದವರಿಗೆ ನಲೋಕ್ಸೋನ್ ಕೊಟ್ಟಾಗ ನೋವು ಹೆಚ್ಚಿತು. ಗುಣವಾಗುವ ನಿರೀಕ್ಷೆಯೂ ದೇಹದ ರಸಾಯನವನ್ನು ಎಚ್ಚರಿಸುತ್ತದೆಂಬುದಕ್ಕೆ ಇದು ಆಧಾರವಾಯಿತು. ನೋವಿನ ತೀವ್ರತೆಯನ್ನು ಗಾಯದ ಗಾತ್ರವೊಂದರಿಂದಲೇ ಅಳೆಯಲಾಗದು. ರೋಗಿ ಹೇಳುವ ನೋವನ್ನು ವೈದ್ಯರು ನಂಬಿ ಆಲಿಸಬೇಕೆಂಬುದಕ್ಕೆ ಈ ಸಂಶೋಧನೆಗಳು ಗಟ್ಟಿ ಕಾರಣ ಒದಗಿಸಿವೆ.