ಅಂಗಳದ ತಂಡ, ಪೇಟೆಯ ತಂಡ

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಗಂಟೆಗೋಪುರ, ಬಲಿಪೀಠ, ವಿಚಾರಣೆ ಗುರುಗಳ ಪರಂಪರೆ ಇವುಗಳ ನಡುವೆ ಕಾಲ್ಚೆಂಡಾಟಕ್ಕೇನು ಸ್ಥಾನವೆಂದು ಕೆಲವರು ಕೇಳಬಹುದು. ಆದರೆ ಈ ಆಟದ ಚರಿತ್ರೆಯಲ್ಲಿ ಕಥೋಲಿಕ ವಿಚಾರಣೆಗಳಿಗೂ ಒಂದು ಪಾಲಿದೆ. ಅದರಲ್ಲಿ ಹೆಮ್ಮೆಪಡುವ ಸಂಗತಿಗಳಿರುವಂತೆ ತಲೆತಗ್ಗಿಸಬೇಕಾದ ಸಂಗತಿಯೂ ಒಂದಿದೆ. ಊರಿನ ಸಣ್ಣ ತಂಡಕ್ಕೆ ಅಂಟಿಕೊಂಡಿರಬೇಕೋ, ಹಣವೂ ಹೆಸರೂ ಇರುವ ದೊಡ್ಡ ತಂಡವನ್ನು ಸೇರಬೇಕೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ದಂಡೋತಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳಿಂದ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಮಕ್ಕಳನ್ನು ದುಡಿಮೆಗೆ ಕಳುಹಿಸಿ, ಹಬ್ಬಕ್ಕಾದರೂ ಬಂದಾರೆಂದು ಕಾದಿರುವ ಮನೆಗಳವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಕಾಗಿಣೆಯ ದಂಡೆಯ ನಮ್ಮ ಸೀಮೆ ಫುಟ್ಬಾಲಿಗೆ ಹೆಸರಾದುದಲ್ಲ. ಇಲ್ಲಿ ಹೆಸರಾದುದು ಹಾಸುಗಲ್ಲು, ತೊಗರಿ ಮತ್ತು ಸಿಮೆಂಟು. ಆದರೆ ಹಾದಿ ಮಾತ್ರ ನಮ್ಮ ನಡುವೆಯೇ ಹೋಗಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದಂದಿನಿಂದ ಹೈದರಾಬಾದಿನವರು ಮುಂಬಯಿಗೆ ಹೋಗುವ ಹೆದ್ದಾರಿಯೇ ವಾಡಿ, ಶಹಾಬಾದು ಆಯಿತು. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದು ರಾಜ್ಯದವರು. ಆದುದರಿಂದ ಹೈದರಾಬಾದಿನ ಫುಟ್ಬಾಲಿನ ಕಥೆ ನಮಗೆ ನೆರೆಮನೆಯ ಕಥೆಯಲ್ಲ, ಹಳೆಯ ಮನೆಯ ಕಥೆ.

ಆ ಹಳೆಯ ಮನೆಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ಎಂಬ ತಂಡವಿತ್ತು. 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಮುಂಬಯಿಯ ರೋವರ್ಸ್ ಕಪ್ಪನ್ನು ಅದು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. 1950ರಲ್ಲಿಯೇ ಡ್ಯುರಾಂಡ್ ಕಪ್ಪನ್ನೂ ಗೆದ್ದಿತು. ಅದನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಂ ವೃತ್ತಿಯಿಂದ ಶಾಲಾ ಮಾಸ್ತರರು. ಅವರೇ ಭಾರತದ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೂ, 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕಕ್ಕೂ ಒಯ್ದರು. ಮರುವರ್ಷ, 1963ರ ಜೂನ್ 11ರಂದು ತೀರಿಕೊಂಡರು. ಮಾಸ್ತರರ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ತಂಡ ಅಷ್ಟು ಕಾಲ ಚೆದುರದೆ ನಿಂತುದಕ್ಕೆ ಇನ್ನೊಂದು ಕಾರಣವುಂಟು, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಟಗಾರನಿಗೆ ಅಲ್ಲಿ ಪೊಲೀಸ್ ಇಲಾಖೆಯ ನೌಕರಿಯಿತ್ತು. ತಿಂಗಳಿಗೊಂದು ಸಂಬಳ, ಕಾಲು ಮುರಿದರೂ ಕೈಬಿಡದ ಒಂದು ಆಸರೆ. ನಿಷ್ಠೆ ಬರಿಯ ಮನಸ್ಸಿನ ಗುಣವೆಂದು ಉಪದೇಶಿಸುವವರು ಅದರ ಕೆಳಗೆ ಒಂದು ರೊಟ್ಟಿಯೂ ಇರಬೇಕೆಂಬುದನ್ನು ಮರೆಯುತ್ತಾರೆ. ಬೆಂಗಳೂರಿನಲ್ಲಿಯೂ ಎಚ್.ಎ.ಎಲ್., ಐ.ಟಿ.ಐ.ಗಳಂತಹ ಕಾರ್ಖಾನೆಯ ತಂಡಗಳು ಬಹುಕಾಲ ಬಾಳಿದುದು ಹೀಗೆಯೇ.

ಆ ರೊಟ್ಟಿಗಿಂತ ದೊಡ್ಡ ರೊಟ್ಟಿಯನ್ನು ಕಲ್ಕತ್ತೆ ತೋರಿಸಿತು. ಬೆಂಗಳೂರಿನ ಮಾತನ್ನೇ ಮೊದಲು ಹೇಳಬೇಕು. 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮತ್ತೊಮ್ಮೆ. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಪಂದ್ಯವದು. ಆ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ವರ್ಷವೇ ಈಸ್ಟ್ ಬೆಂಗಾಲ್ ಲೀಗು, ಶೀಲ್ಡು, ರೋವರ್ಸ್ ಮೂರನ್ನೂ ಎತ್ತಿಕೊಂಡಿತು. ಅವರ ಮುಂಪಡೆಯ ಐವರನ್ನು ಬಂಗಾಲದ ಜನ ‘ಪಂಚಪಾಂಡವರು’ ಎಂದು ಕರೆದರು. ಆ ಐವರಲ್ಲಿ ಅಹಮದ್ ಖಾನ್, ಧನರಾಜ್, ವೆಂಕಟೇಶ್ ಮೂವರು ಬೆಂಗಳೂರಿನಿಂದ ಹೋದವರು. ಹಿಂದಿನ ವರ್ಷ ಬೆಂಗಳೂರಿಗೆ ಬಂದಿದ್ದ ಕಪ್ಪನ್ನು ಮರುವರ್ಷ ಕಲ್ಕತ್ತೆಗೆ ಒಯ್ಯುವಲ್ಲಿ ಬೆಂಗಳೂರಿನ ಕಾಲುಗಳಿಗೂ ಪಾಲಿತ್ತು ಎಂದ ಹಾಗಾಯಿತು.

ಹೈದರಾಬಾದಿನಿಂದ ಹೋದವರಲ್ಲಿ ತುಳಸೀದಾಸ ಬಲರಾಮರ ಹೆಸರು ಚಿರಸ್ಥಾಯಿ. 1936ರಲ್ಲಿ ಸಿಕಂದರಾಬಾದಿನ ಬಳಿಯ ಅಮ್ಮುಗುಡದಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿ, 1961ರಲ್ಲಿ ಅದರ ನಾಯಕರಾದರು. ಆಟ ಮುಗಿದ ಮೇಲೂ ಊರಿಗೆ ಮರಳದೆ ಬಂಗಾಲದಲ್ಲೇ ನೆಲೆಸಿ, 2023ರ ಫೆಬ್ರವರಿ 16ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಅವರನ್ನು ಊರುಬಿಟ್ಟ ದ್ರೋಹಿಯೆನ್ನಲು ಯಾರಿಗೆ ಬಾಯಿ ಬಂದೀತು? ಹಸಿವು ಆಟಗಾರನದು, ಕಾಲೂ ಅವನದೇ.

ಇನ್ನು ನಮ್ಮ ಸಭೆಯ ಕಥೆಗೆ ಬರೋಣ. ಇದು ಸ್ಕಾಟ್ಲೆಂಡಿನಲ್ಲಿ ನಡೆದುದು. ಕ್ಷಾಮದಿಂದ ಓಡಿಬಂದ ಐರಿಷ್ ಕಥೋಲಿಕರು ಎಡಿನ್‌ಬರೋ ನಗರದ ಕೌಗೇಟ್ ಎಂಬ ಕೊಳಕು ಕೇರಿಯಲ್ಲಿ ತುಂಬಿಕೊಂಡಿದ್ದರು. ಅಲ್ಲಿನ ಸಂತ ಪ್ಯಾಟ್ರಿಕ್ಕರ ವಿಚಾರಣೆಯಲ್ಲಿ ವಂದನೀಯ ಎಡ್ವರ್ಡ್ ಹ್ಯಾನನ್ ಸ್ವಾಮಿಗಳು ಕಥೋಲಿಕ ಯುವಜನ ಸಂಘವನ್ನು ನಡೆಸುತ್ತಿದ್ದರು. 1875ರಲ್ಲಿ ಆ ಸಂಘದ ಹುಡುಗರಿಂದ ಹೈಬರ್ನಿಯನ್ ಎಂಬ ತಂಡ ಹುಟ್ಟಿತು. ಧರ್ಮಾಚರಣೆಯನ್ನು ಬಿಟ್ಟವನಿಗೆ ತಂಡದಲ್ಲಿ ಜಾಗವಿರಲಿಲ್ಲ. ಸ್ಕಾಟ್ಲೆಂಡಿನ ಫುಟ್ಬಾಲ್ ಸಂಘದವರು ಮೊದಮೊದಲು ಇವರನ್ನು ಸೇರಿಸಿಕೊಳ್ಳಲೇ ಇಲ್ಲ. ಸಂಘವಿರುವುದು ಸ್ಕಾಟರಿಗೆ, ಐರಿಷರಿಗಲ್ಲ ಎಂದರು. ಹೀಗೆ ಬಾಗಿಲಲ್ಲಿ ತಡೆಯಲ್ಪಟ್ಟ ತಂಡ 1887ರ ಫೆಬ್ರವರಿಯಲ್ಲಿ ಡಂಬಾರ್ಟನ್ ತಂಡವನ್ನು 2-1ರಿಂದ ಸೋಲಿಸಿ ಸ್ಕಾಟಿಷ್ ಕಪ್ಪನ್ನು ಗೆದ್ದಿತು.

ಆ ಪಂದ್ಯ ನಡೆದುದು ಗ್ಲಾಸ್ಗೋದಲ್ಲಿ. ಅಲ್ಲಿನ ಕಥೋಲಿಕರ ಸಂಭ್ರಮಕ್ಕೆ ಪಾರವಿರಲಿಲ್ಲ. ಅವರ ಪೈಕಿ ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್ ಎಂಬವರು ಬಡಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರು. ಹಸಿದು ಬರುವ ಮಕ್ಕಳಿಗೆ ಒಂದು ಪೆನ್ನಿಗೆ ಊಟ ಕೊಡುವ ವ್ಯವಸ್ಥೆಯನ್ನು ಅವರು ನಡೆಸುತ್ತಿದ್ದರು. ಎಡಿನ್‌ಬರೋದವರಿಗೆ ಸಾಧ್ಯವಾದುದು ನಮಗೇಕೆ ಸಾಧ್ಯವಾಗಬಾರದು, ಆಟದ ಟಿಕೆಟಿನ ಹಣದಿಂದ ಊಟದ ಖರ್ಚು ತೂಗಿಸಬಹುದಲ್ಲ ಎಂಬುದು ಅವರ ಎಣಿಕೆ. 1887ರ ನವೆಂಬರ್ 6ರಂದು ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣದಲ್ಲಿ ಸೆಲ್ಟಿಕ್ ತಂಡ ಸ್ಥಾಪನೆಯಾಯಿತು. ಉದ್ದೇಶದಲ್ಲಿ ದೋಷವೆಣಿಸುವಂತಿಲ್ಲ.

ದೋಷವಿದ್ದುದು ದಾರಿಯಲ್ಲಿ. ಆಗಿನ ಸ್ಕಾಟ್ಲೆಂಡಿನಲ್ಲಿ ಆಟಕ್ಕೆ ಹಣ ಪಡೆಯುವುದು ನಿಯಮಬಾಹಿರ. 1893ರವರೆಗೂ ಹಾಗೆಯೇ ಇತ್ತು. ಮೇಜಿನ ಕೆಳಗಿನ ಕೈಗಳಿಗೆ ಮಾತ್ರ ಆ ನಿಯಮ ಕಾಣುತ್ತಿರಲಿಲ್ಲ. 1888ರ ಬೇಸಿಗೆಯಲ್ಲಿ ಹೈಬರ್ನಿಯನ್ನಿನ ಅತ್ಯುತ್ತಮ ಆಟಗಾರರಲ್ಲಿ ಹಲವರು ಒಟ್ಟಿಗೇ ಸೆಲ್ಟಿಕ್ಕಿಗೆ ಹೊರಟುಹೋದರು. ಕಪ್ಪು ಗೆದ್ದ ಎರಡು ವರ್ಷದೊಳಗೆ ಕಳೆದುಕೊಂಡ ಆ ಬಲವನ್ನು ಹೈಬರ್ನಿಯನ್ ಮತ್ತೆ ಗಳಿಸಲಾಗಲಿಲ್ಲ. 1891ರಲ್ಲಿ ಹ್ಯಾನನ್ ಸ್ವಾಮಿಗಳು ತೀರಿಕೊಂಡರು. ಅದೇ ವರ್ಷ ತಂಡವೂ ನಿಂತುಹೋಯಿತು. ಒಂದು ವಿಚಾರಣೆಯ ಅಂಗಳದಲ್ಲಿ ಬೆಳೆದ ತಂಡವನ್ನು ಇನ್ನೊಂದು ವಿಚಾರಣೆಯ ಅಂಗಳದವರು ಬರಿದುಮಾಡಿದರು, ಬಡಮಕ್ಕಳ ಊಟದ ಹೆಸರಿನಲ್ಲಿ. ನಮ್ಮ ಪುಸ್ತಕಗಳಲ್ಲಿ ಬ್ರದರ್ ವಾಲ್‌ಫ್ರಿಡರ ದಯೆಯ ಪುಟ ಬರುತ್ತದೆ, ಹ್ಯಾನನ್ ಸ್ವಾಮಿಗಳ ನಷ್ಟದ ಪುಟ ಅಷ್ಟಾಗಿ ಬರುವುದಿಲ್ಲ. ಇದು ಸರಿಯಲ್ಲ.

ಊಟದ ಗತಿಯೇನಾಯಿತು? ಮೊದಲ ವರ್ಷಗಳಲ್ಲಿ ಸೆಲ್ಟಿಕ್ ಧರ್ಮಕಾರ್ಯಕ್ಕೆ ಧಾರಾಳವಾಗಿ ಕೊಟ್ಟುದು ನಿಜ. ಆದರೆ 1892ರಲ್ಲಿ ಬ್ರದರ್ ವಾಲ್‌ಫ್ರಿಡರಿಗೆ ಲಂಡನ್ನಿಗೆ ವರ್ಗವಾಯಿತು. 1897ರಲ್ಲಿ ತಂಡ ಲಿಮಿಟೆಡ್ ಕಂಪನಿಯಾಗಿ ಬದಲಾಯಿತು. ಆಮೇಲೆ ಲಾಭಾಂಶ ಹಂಚಿಕೆಯಾದುದು ಷೇರುದಾರರಿಗೆ. ಸೆಲ್ಟಿಕ್ಕಿನವರ ಕೀರ್ತಿಯನ್ನು ಕಡಿಮೆಮಾಡುವುದು ನನ್ನ ಇಂಗಿತವಲ್ಲ. 1967ರಲ್ಲಿ ಐರೋಪ್ಯ ಕಪ್ಪನ್ನು ಗೆದ್ದ ಅವರ ತಂಡದ ಹನ್ನೊಂದು ಮಂದಿಯೂ ಗ್ಲಾಸ್ಗೋದ ಸುತ್ತಿನ 30 ಮೈಲುಗಳೊಳಗೆ ಹುಟ್ಟಿದವರು. ಅಂಥದು ಇಂದಿನ ಯಾವ ಸಿರಿವಂತ ತಂಡಕ್ಕೂ ಕನಸಿನ ಮಾತು.

ಹೈಬರ್ನಿಯನ್ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಒಂದೆರಡು ವರ್ಷಗಳಲ್ಲಿ ಊರಿನವರು ಅದನ್ನು ಮತ್ತೆ ಕಟ್ಟಿದರು, ಈ ಸಲ ಎಲ್ಲ ಮತದವರಿಗೂ ಬಾಗಿಲು ತೆರೆದು. 1902ರಲ್ಲಿ ಎರಡನೆಯ ಬಾರಿ ಸ್ಕಾಟಿಷ್ ಕಪ್ಪು ಬಂದಿತು. ಮೂರನೆಯ ಬಾರಿಗೆ ಕಾದುದು 114 ವರ್ಷ! ತಾತ ನೋಡಲಿಲ್ಲ, ಅಪ್ಪ ನೋಡಲಿಲ್ಲ. ಕೊನೆಗೆ 2016ರ ಮೇ 21ರಂದು ರೇಂಜರ್ಸ್ ತಂಡದ ಮೇಲೆ 3-2ರಿಂದ ಗೆದ್ದಾಗ ಹೈಬರ್ನಿಯನ್ ಇದ್ದುದು ಮೇಲಿನ ದರ್ಜೆಯಲ್ಲಿಯೂ ಅಲ್ಲ, ಎರಡನೆಯ ದರ್ಜೆಯಲ್ಲಿ. ಹಣದ ಲೆಕ್ಕದಲ್ಲಿ ಅಷ್ಟು ವರ್ಷ ಆ ತಂಡದ ಟಿಕೆಟು ಕೊಂಡವರೆಲ್ಲ ಮೂರ್ಖರು.

ಇಂಥ ಮೂರ್ಖರಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸರೂ ಒಬ್ಬರೆಂಬುದನ್ನು ನಮ್ಮ ಯುವಕರು ಬಲ್ಲರು. ಅವರ ತಂಡ ಬ್ಯುನೊಸ್ ಐರಿಸ್ಸಿನ ಸಾನ್ ಲೊರೆನ್ಸೊ. 1908ರಲ್ಲಿ ಬೀದಿಯಲ್ಲಿ ಚೆಂಡೊದೆಯುತ್ತಿದ್ದ ಹುಡುಗರನ್ನು ಟ್ರಾಂ ಗಾಡಿಯ ಅಪಾಯದಿಂದ ತಪ್ಪಿಸಲು ಸಲೇಸಿಯನ್ ಸಭೆಯ ಲೊರೆನ್ಸೊ ಮಾಸ್ಸಾ ಸ್ವಾಮಿಗಳು ತಮ್ಮ ದೇವಾಲಯದ ಹಿತ್ತಲನ್ನು ಬಿಟ್ಟುಕೊಟ್ಟರು. ಭಾನುವಾರದ ಪೂಜೆಗೆ ಬರಬೇಕೆಂಬುದಷ್ಟೇ ಅವರ ಕರಾರು. ಆ ತಂಡ ಬೆಳೆದು ದೇಶದ ಐದು ದೊಡ್ಡ ತಂಡಗಳಲ್ಲಿ ಒಂದಾಯಿತು. ಆಮೇಲೆ ಸಾಲಕ್ಕೆ ಸಿಕ್ಕಿತು. 1979ರಲ್ಲಿ ಹಳೆಯ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯವಾಡಿ ಅದನ್ನು ಕಳೆದುಕೊಂಡಿತು. ಆ ಜಾಗದಲ್ಲಿ ಸೂಪರ್ ಮಾರ್ಕೆಟ್ಟು ಎದ್ದಿತು. 1981ರಲ್ಲಿ ಎರಡನೆಯ ದರ್ಜೆಗೆ ಬಿದ್ದಿತು. ಐದು ದೊಡ್ಡವರಲ್ಲಿ ಹಾಗೆ ಬಿದ್ದುದು ಅದೇ ಮೊದಲು. ಆಗ ನಡೆದುದು ಆಶ್ಚರ್ಯ. 1982ರಲ್ಲಿ ಕೆಳದರ್ಜೆಯ ಪಂದ್ಯಗಳಿಗೆ, ಎರವಲು ಮೈದಾನಗಳಿಗೆ, ಜನ ಹಿಂದೆಂದೂ ಕಾಣದಷ್ಟು ಸಂಖ್ಯೆಯಲ್ಲಿ ಬಂದರು. ಅದೇ ವರ್ಷ ತಂಡ ಮೇಲೆ ಬಂದಿತು. ಆ ಹಳೆಯ ಜಾಗವನ್ನೂ ಸದಸ್ಯರು ದಶಕಗಳ ಹೋರಾಟದಿಂದ 2019ರಲ್ಲಿ ಮರಳಿ ಪಡೆದರು. 2025ರ ಏಪ್ರಿಲ್ 21ರಂದು ದೈವಾಧೀನರಾಗುವವರೆಗೂ ಪೋಪ್ ಫ್ರಾನ್ಸಿಸರು ಆ ಸಂಘದ ಸದಸ್ಯರಾಗಿದ್ದರು.

ಮತ್ತೆ ನಮ್ಮ ದೇಶಕ್ಕೆ ಬರೋಣ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. ಇಲ್ಲಿ ತಂಡವೆಂದರೆ ಹಣ ತೆತ್ತು ಪಡೆಯುವ ಹಕ್ಕು. ಕೆಳಗಿನಿಂದ ಗೆದ್ದು ಮೇಲೇರುವ ದಾರಿ ಅನೇಕ ವರ್ಷ ಮುಚ್ಚಿತ್ತು. ಅದನ್ನು ಪ್ರತಿಭಟಿಸಿ 2016ರಲ್ಲಿ ಗೋವೆಯ ಸಾಲ್ಗಾಂವ್ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ತಂಡಗಳು ಐ-ಲೀಗಿನಿಂದ ಹೊರಬಂದವು. ಐದು ಬಾರಿ ರಾಷ್ಟ್ರದ ಚಾಂಪಿಯನ್ನಾಗಿದ್ದ ಡೆಂಪೊ ತಂಡವು ಹಣದಿಂದಲ್ಲ, ನಿಯಮದಿಂದ ಕೆಳದರ್ಜೆಯದಾಯಿತು.

ಹೊಸ ಲೀಗಿನ ಪೈಪೋಟಿಯಲ್ಲಿ ನಮ್ಮ ಹಳೆಯ ಮನೆಗೂ ಒಂದು ತಂಡ ಬಂದಿತು. ಪುಣೆಯ ತಂಡ ಮುಳುಗಿದ ಮೇಲೆ ಅದರ ಬದಲಿಗೆ 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್.ಸಿ. ಮೂರೇ ವರ್ಷಗಳಲ್ಲಿ, 2022ರ ಮಾರ್ಚ್‌ನಲ್ಲಿ, ಕಪ್ಪನ್ನು ಗೆದ್ದಿತು. ಮುಂದಿನ ಎರಡು ವರ್ಷಗಳಲ್ಲಿ ಆಟಗಾರರ ಸಂಬಳ ಬಾಕಿಬಿದ್ದು, ವಿದೇಶೀಯರು ಬಿಟ್ಟುಹೋಗಿ, ತಂಡ ಪಟ್ಟಿಯ ತಳಕ್ಕೆ ಇಳಿಯಿತು. ಒಡೆತನ ಕೈಬದಲಾಯಿತು. 2025ರ ಅಕ್ಟೋಬರಿನಲ್ಲಿ ತಂಡವನ್ನೇ ದೆಹಲಿಗೆ ಒಯ್ದು ಹೊಸ ಹೆಸರಿಟ್ಟರು. ದೆಹಲಿಯಲ್ಲಿ ಮೊದಲಿದ್ದ ತಂಡವನ್ನು 2019ರಲ್ಲಿಯೇ ಭುವನೇಶ್ವರಕ್ಕೆ ಸಾಗಿಸಿದ್ದರು. ಬಾಡಿಗೆ ಮನೆ ಬದಲಿಸಿದಷ್ಟು ಸಲೀಸು! ಬಲರಾಮರು ಹೈದರಾಬಾದನ್ನು ಬಿಟ್ಟುಹೋದಾಗ ಹೈದರಾಬಾದಿನ ತಂಡ ಹೈದರಾಬಾದಿನಲ್ಲೇ ಉಳಿದಿತ್ತು. ಇನ್ನೊಬ್ಬ ಹುಡುಗ ಆ ಅಂಗಿಯನ್ನು ತೊಟ್ಟುಕೊಳ್ಳುತ್ತಿದ್ದ. ಈಗ ಅಂಗಿಯೇ ಊರುಬಿಟ್ಟಿದೆ. ಆಟಗಾರನು ಹೋಗುವುದಕ್ಕೂ ತಂಡವೇ ಹೋಗುವುದಕ್ಕೂ ಇರುವ ಈ ಅಂತರವನ್ನು ನಮ್ಮ ಚರ್ಚೆಗಳಲ್ಲಿ ಕಲಸಿಬಿಡುತ್ತೇವೆ.

2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ.ಯ ಮಾತು ಇಷ್ಟು ಕೆಟ್ಟದ್ದಲ್ಲ. ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನೂ ಆಡಿತು. ಆದರೂ ಲೀಗಿನ ಹಕ್ಕಿನ ಒಪ್ಪಂದ ನವೀಕರಣವಾಗದೆ ಇಡೀ ಋತುವೇ ಅತಂತ್ರವಾದಾಗ, 2025ರ ಆಗಸ್ಟಿನಲ್ಲಿ, ಅದೂ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಬೇಕಾಯಿತು.

ಇದರ ನಡುವೆ ಸದ್ದಿಲ್ಲದೆ ಒಂದು ಸಂಗತಿ ನಡೆದುಹೋಯಿತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ನಾವು ಕೊನೆಯದಾಗಿ ಗೆದ್ದುದು 1968-69ರಲ್ಲಿ. ಅಷ್ಟರಲ್ಲಿ ನಮ್ಮ ಕಾಗಿಣೆಯ ಸೀಮೆಯೂ ಆ ರಾಜ್ಯಕ್ಕೆ ಸೇರಿತ್ತು. ಆಮೇಲೆ 54 ವರ್ಷ ಬರಿಗೈ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ, ಸೂಪರ್ ಲೀಗಿನ ದೊಡ್ಡ ಹೆಸರಿನವರಾರೂ ಇಲ್ಲದ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿದರು. ಕಪ್ಪನ್ನು ಊರಿಗೆ ತಂದರು.