ಹಲ್ಲಿನ ಆಸ್ಪತ್ರೆ ಹತ್ತಿರ ಬಂತು, ನಾವು ಹೋಗುವ ಹೊತ್ತು ಬದಲಾಗಲಿಲ್ಲ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶಕ್ಕೆ ಸುತ್ತಲಿನ ಹಳ್ಳಿಗಳಿಂದ ದಿನವೂ ಜನ ಕೆಲಸಕ್ಕೆ ಬರುತ್ತಾರೆ. ಹಲ್ಲುನೋವು ಶುರುವಾದರೆ ನಮ್ಮ ಕಡೆ ಮಾಡುವುದು ಒಂದೇ. ಲವಂಗ ಕಚ್ಚಿಕೊಳ್ಳುವುದು, ಮೆಡಿಕಲ್ ಶಾಪಿನಲ್ಲಿ ಗುಳಿಗೆ ತಗೊಳ್ಳುವುದು, ಪಾಳಿ ಮುಗಿಸುವುದು. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಕೊನೆಗೆ ತಡೆಯಲಾರದ ದಿನ ಹೋಗಿ, ‘ಕಿತ್ತು ಹಾಕಿಬಿಡಿ ಸಾರ್’ ಅನ್ನುವುದು. ಇದೇ ಊರಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಆದರೂ ಹೀಗೇಕೆ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಮೊದಲು ಒಂದು ಮಾತು ಗಮನಿಸಿ. ಕೆಟ್ಟ ಹಲ್ಲಿಗೆ ನಾವು ‘ಹುಳುಕು ಹಲ್ಲು’ ಅನ್ನುತ್ತೇವೆ, ‘ಹುಳ ತಿಂದಿದೆ’ ಅನ್ನುತ್ತೇವೆ. ಇದು ನಮ್ಮೊಬ್ಬರ ನಂಬಿಕೆಯಲ್ಲ. ಸಾವಿರಾರು ವರ್ಷದ ಹಿಂದೆ ಬ್ಯಾಬಿಲೋನಿನ ಜನರೂ ಹಲ್ಲಿನೊಳಗೆ ಹುಳ ಇದೆ ಎಂದೇ ತಿಳಿದಿದ್ದರು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ತನ್ನ ಪುಸ್ತಕದಲ್ಲಿ ಈ ಹುಳದ ಮಾತನ್ನು ಒಪ್ಪಲಿಲ್ಲ. 1890ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಡಿ. ಮಿಲ್ಲರ್ ಕಾರಣ ತೋರಿಸಿದರು. ಬಾಯಲ್ಲಿ ಉಳಿದ ಸಿಹಿ, ಹಿಟ್ಟಿನ ಪದಾರ್ಥವನ್ನು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಅಂದರೆ ಪಾಳಿ ನಡುವೆ ಕುಡಿಯುವ ಸಕ್ಕರೆ ಚಹಾ, ಹಲ್ಲಿನ ಸಂದಿಗೆ ಅಂಟಿಕೊಂಡ ಮಂಡಕ್ಕಿ, ಬಿಸ್ಕತ್ತು ಇವೇ ಆ ‘ಹುಳ’ದ ಊಟ. ತಿಂದ ಮೇಲೆ ನೀರು ಮುಕ್ಕಳಿಸಿದರೆ, ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿದರೆ ಆ ಊಟ ತಪ್ಪುತ್ತದೆ.

ಹಲ್ಲುಜ್ಜುವುದು ನಮಗೇನು ಹೊಸದಲ್ಲ. ಬೇವಿನ ಕಡ್ಡಿ, ಉಪ್ಪು, ಇದ್ದಿಲು, ಬೂದಿ ಎಲ್ಲವನ್ನೂ ನಮ್ಮ ಹಿರಿಯರು ಬಳಸಿದ್ದಾರೆ. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಸ್ಥಾಪಿಸಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಮೈಸೂರು ಸೀಮೆಯ ಮನೆಮನೆ ಮಾತಾಯಿತು. ಆದರೆ ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಗಸಗಸ ತಿಕ್ಕಿದರೆ ಹಲ್ಲಿನ ಮೇಲಿನ ಗಟ್ಟಿ ಪದರ ಸವೆಯುತ್ತದೆ. ಆಮೇಲೆ ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ. ಮೆತ್ತನೆಯ ಬ್ರಷ್, ಎರಡು ನಿಮಿಷ, ದಿನಕ್ಕೆ ಎರಡು ಸಲ. ಇಷ್ಟು ಸಾಕು.

ಹಾಗಾದರೆ ಹಲ್ಲು ಕೀಳಿಸುವ ಅಭ್ಯಾಸ ಎಲ್ಲಿಂದ ಬಂತು? ಹತ್ತಿ ಗಿರಣಿಗಳಿಂದ ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನಿಸಿಕೊಂಡ ಕಾಲದಲ್ಲಿ, 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಕಾಲದಲ್ಲಿ, ಇಲ್ಲಿ ಕೆಲಸವಿತ್ತು, ದಂತ ಕಾಲೇಜು ಇರಲಿಲ್ಲ. ಹಲ್ಲಿನ ಡಾಕ್ಟರಿಕೆಗೆ ನೋಂದಣಿ ಬೇಕೆನ್ನುವ ದೇಶದ ಕಾಯ್ದೆ ಬಂದದ್ದೇ 1948ರಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ. ಹಳ್ಳಿಯವರಿಗೆ ಹತ್ತಿರ ಸಿಗುತ್ತಿದ್ದದ್ದು ಸಂತೆಯಲ್ಲಿ ಚೀಲ ಹಾಸಿ ಕೂತು ಹಲ್ಲು ಕೀಳುವವರು. ಅವರ ಹತ್ತಿರ ಹಲ್ಲು ಉಳಿಸುವ ಸಾಮಾನು ಇರಲಿಲ್ಲ. ಹಾಗಾಗಿ ಹಲ್ಲಿನ ವೈದ್ಯ ಅಂದರೆ ಹಲ್ಲು ಕೀಳುವವನು ಎಂದೇ ಮನಸ್ಸಲ್ಲಿ ಕೂತಿತು. ‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ’ ಅನ್ನುವ ಭಯವೂ ಜೊತೆಗೆ ಸೇರಿತು. ನೋಟದ ನರ ಬೇರೆ, ಹಲ್ಲಿನ ನರ ಬೇರೆ. ಆ ಭಯಕ್ಕೆ ಆಧಾರವಿಲ್ಲ.

1979ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಶುರುವಾಯಿತು. 1991ರಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬಂತು. ಇಂಥ ಕಾಲೇಜು ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರಿಗೇ ಚಿಕಿತ್ಸೆ ಮಾಡುತ್ತಾರೆ. ಸಮಯ ಸ್ವಲ್ಪ ಹೆಚ್ಚು ಹಿಡಿಯಬಹುದು, ಖರ್ಚು ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ. ಸಂಬಳದಲ್ಲಿ ಇ.ಎಸ್.ಐ. ಹಿಡಿಯುತ್ತಿದ್ದರೆ ಇ.ಎಸ್.ಐ. ಆಸ್ಪತ್ರೆಯಲ್ಲೂ ಮೊದಲು ಕೇಳಿ ನೋಡಿ.

ನಮ್ಮ ಜಿಲ್ಲೆಯ ಇನ್ನೊಂದು ಹಲ್ಲಿನ ಕತೆ ನೀರಿನದು. ಜಗಳೂರು ಕಡೆಯ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ಶಾಲೆಯಲ್ಲಿ ‘ಹಲ್ಲುಜ್ಜಲ್ವಾ?’ ಎಂದು ಬೈಸಿಕೊಂಡು ಬಾಯಿ ಮುಚ್ಚಿ ನಗುವ ಮಕ್ಕಳು ಇವರು. ತಪ್ಪು ಅವರದಲ್ಲ. ಅಮೆರಿಕದ ಕೊಲರಾಡೊದಲ್ಲಿ 1901ರಿಂದಲೇ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ ಇಂಥದೇ ಕಲೆಯ ಬೆನ್ನು ಹತ್ತಿದ್ದರು. ನೀರಿನಲ್ಲಿನ ಫ್ಲೋರೈಡೇ ಕಾರಣ ಎಂದು ಗೊತ್ತಾದದ್ದು 1931ರಲ್ಲಿ. ಆಳದ ಕಲ್ಲಿನಿಂದ ಬೋರ್‌ವೆಲ್ ನೀರಿಗೆ ಅದು ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಸುರಕ್ಷಿತವಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಎಂಟು ವರ್ಷದೊಳಗೆ, ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಈ ಕಲೆ ಬೀಳುತ್ತದೆ. ಆದ್ದರಿಂದ ಸಣ್ಣ ಮಕ್ಕಳಿಗೆ ನದಿ ನೀರು ಅಥವಾ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ. ಬಿದ್ದ ಕಲೆ ತಿಕ್ಕಿದರೆ ಹೋಗುವುದಿಲ್ಲ, ದಂತವೈದ್ಯರಿಗೆ ತೋರಿಸಿ.

ಪಾಳಿಯಲ್ಲಿ ನಿದ್ದೆ ತಡೆಯಲು ಬಾಯಿಗೆ ಬೀಳುವ ತಂಬಾಕು, ಗುಟ್ಕಾದ ಮಾತು ಬಿಡುವಂತಿಲ್ಲ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಬಳಿಕ ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಆಯಿತು, ಬಾಯಲ್ಲಿ ಎರಡೂ ಒಂದೇ. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ಮುಟ್ಟಿದರೆ ಉರಿ, ಬಾಯಿ ಪೂರ್ತಿ ತೆರೆಯದಿರುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಬಾಯಿ ಕ್ಯಾನ್ಸರ್ ಬೇಗ ಸಿಕ್ಕರೆ ಜೀವ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಹಲ್ಲಿನ ಮೇಲೆ ಕಪ್ಪು ಚುಕ್ಕೆ ಇದ್ದಾಗ ಹೋದರೆ ತುಂಬಿಸಿ ಕಳಿಸುತ್ತಾರೆ, ಅರ್ಧ ದಿನದ ಕೂಲಿ ಹೋದೀತು. ನೋವು ಬಂದ ಮೇಲೆ ಹೋದರೆ ಬೇರಿನ ಚಿಕಿತ್ಸೆ, ಹಲವು ಸಲ ಓಡಾಟ. ಮುಖ ಊದಿದ ಮೇಲೆ ಹೋದರೆ ಹಲ್ಲೂ ಇಲ್ಲ, ವಾರದ ಕೂಲಿಯೂ ಇಲ್ಲ. ನಮ್ಮ ಅಜ್ಜಂದಿರಿಗೆ ಕೀಳಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ವರ್ಷಕ್ಕೊಮ್ಮೆ, ನೋವಿಲ್ಲದ ದಿನವೇ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ ತೋರಿಸಿಕೊಂಡು ಬನ್ನಿ.