ಅಗ್ಗದ ಮಧು, ಹಳೆಯ ಮಧು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲೆ ಗೂಗಲ್ ಎಂಬ ಊರಿದೆ. ಹೆಸರು ಕೇಳಿದೊಡನೆ ಈ ಕಾಲದವರ ಮನಸ್ಸು ಬೇರೆಲ್ಲಿಗೋ ಓಡುವುದು ಸಹಜ. ಆದರೆ ನಮ್ಮ ಸೀಮೆಯವರಿಗೆ ಗೂಗಲ್ ಎಂದರೆ ಅಲ್ಲಮಪ್ರಭುವಿನ ಗುಡಿ, ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು, ಮಳೆಗಾಲದಲ್ಲಿ ಕಣ್ಣು ಹಾಯುವಷ್ಟು ದೂರ ಕೆಂಪಗೆ ಹರಿಯುವ ನೀರು. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿಗೆ ಇದು ಉತ್ತರದ ಅಂಚು. ದ್ರಾಕ್ಷಿಯ ಮದ್ಯದ ಚರಿತ್ರೆಯನ್ನು ಹೇಳಹೊರಟವನು ಈ ದಂಡೆಯಿಂದ ಏಕೆ ಹೊರಡಬೇಕೆಂದು ವಾಚಕರು ಕೇಳಬಹುದು. ಕಾರಣವಿದೆ. ಈ ನದಿಯನ್ನು ದಾಟುವ ಭರದಲ್ಲಿ ಒಬ್ಬ ಸುಲ್ತಾನನು ಕುಡಿದ ಒಂದು ಬಟ್ಟಲಿನ ಬೆಲೆಯಷ್ಟು ದುಬಾರಿ ಬೆಲೆಯನ್ನು ನಮ್ಮ ನಾಡಿನಲ್ಲಿ ಇನ್ನಾರೂ ತೆತ್ತಂತಿಲ್ಲ.

1520ರ ಮಾತು. ಕೃಷ್ಣದೇವರಾಯನು ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಸೈನ್ಯದೊಡನೆ ಬಂದು ಕೃಷ್ಣೆಯ ಉತ್ತರದ ದಡದಲ್ಲಿ ಬೀಡುಬಿಟ್ಟ. ಮುಂದಿನ ಕಥೆಯನ್ನು ಫೆರಿಷ್ತಾ ಹೇಳುತ್ತಾನೆ. ಸುಲ್ತಾನನು ಡೇರೆಯಲ್ಲಿ ಒರಗಿದ್ದಾಗ ಹೊರಗೆ ಯಾರೋ ಆಸ್ಥಾನಿಕ ಮಧುಪಾನವನ್ನು ಹೊಗಳುವ ಪದ್ಯವೊಂದನ್ನು ಗುನುಗಿದನಂತೆ. ಕೇಳಿ ಅರಸನಿಗೆ ಉಲ್ಲಾಸ ಬಂತು. ಗೆಳೆಯರನ್ನು ಕರೆಸಿ ಪಾನಗೋಷ್ಠಿ ಹೂಡಿದ. ಅಮಲೇರಿದ ಮೇಲೆ ನದಿಯನ್ನು ಈಗಲೇ ದಾಟಬೇಕೆಂದ. ದಾಟಲು ಬೇಕಾದ ತೆಪ್ಪಗಳು ಇನ್ನೂ ಪೂರ್ತಿಯಾಗಿ ಸಿದ್ಧವಾಗಿರಲಿಲ್ಲ. ಸರದಾರರು ಬೇಡವೆಂದರು. ಉತ್ತರ ಕೊಡದೆ ಅವನು ತನ್ನ ಆನೆಯನ್ನೇ ಹೊಳೆಗೆ ಇಳಿಸಿದ; ಅವನ ಹಿಂದೆ ವಿಧಿಯಿಲ್ಲದೆ ಸುಮಾರು 250 ಆನೆಗಳ ಮೇಲೆ ಅಮೀರರೂ ಸೈನಿಕರೂ ಇಳಿದರು. ಆಚೆ ದಡದಲ್ಲಿ ವಿಜಯನಗರದ ಸೇನೆ ಕಾದಿತ್ತು. ಹಿಮ್ಮೆಟ್ಟುವಾಗ ಕೃಷ್ಣೆಯಲ್ಲಿ ಮುಳುಗಿದವರಿಗೆ ಲೆಕ್ಕವಿಲ್ಲ. ರಾಯಚೂರು ರಾಯನ ವಶವಾಯಿತು.

ಈ ಕಥೆಯನ್ನು ಹಾಗೆಯೇ ನಂಬಬೇಕಾಗಿಲ್ಲ. ಫೆರಿಷ್ತಾ ಬರೆದದ್ದು ಸುಮಾರು ತೊಂಬತ್ತು ವರ್ಷಗಳ ಅನಂತರ, ಬಿಜಾಪುರದ ಆಸ್ಥಾನದ ಆಶ್ರಯದಲ್ಲಿ. ತನ್ನ ಒಡೆಯನ ವಂಶದವನು ಶತ್ರುವಿನ ಬಲದಿಂದ ಸೋತನೆನ್ನುವುದಕ್ಕಿಂತ ಬಟ್ಟಲಿನ ದೋಷದಿಂದ ಸೋತನೆನ್ನುವುದು ಬರೆಯುವವನಿಗೆ ಹಗುರ. ಯುದ್ಧವಾದ ಸುಮಾರು ಹದಿನೈದು ವರ್ಷಗಳ ಅನಂತರ ವಿಜಯನಗರದಲ್ಲಿದ್ದ ಪೋರ್ಚುಗೀಸ ನೂನಿಜ್ ಇದೇ ಕದನವನ್ನು ದೀರ್ಘವಾಗಿ ವರ್ಣಿಸಿದ್ದಾನೆ; ಅವನಲ್ಲಿ ಫಿರಂಗಿಗಳಿವೆ, ಕುದುರೆಗಳಿವೆ, ಮದ್ಯದ ಸುದ್ದಿಯಿಲ್ಲ. ಆದರೂ ಫೆರಿಷ್ತಾ ಹೇಳುವ ಕೊನೆಯ ಸಂಗತಿ ಮನಸ್ಸಿನಲ್ಲಿ ನಿಲ್ಲುತ್ತದೆ. ಮುದಗಲ್ಲು, ರಾಯಚೂರುಗಳನ್ನು ಮರಳಿ ಗೆಲ್ಲುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಸುಲ್ತಾನ ಶಪಥ ಮಾಡಿದ್ದನಂತೆ. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ; ಮರುವರ್ಷ ಎರಡು ಕೋಟೆಗಳೂ ಆದಿಲ್ ಶಾಹನ ಕೈಸೇರಿದುವು; ಆಮೇಲೆ ಔತಣ ನಡೆದು ಶಪಥ ಮುಗಿಯಿತು. ಹತ್ತು ವರ್ಷ ಕಾದಿಟ್ಟ ಬಟ್ಟಲು ಅದು.

ಆ ಬಟ್ಟಲಿನಲ್ಲಿದ್ದ ಮದ್ಯ ನಿಜವಾಗಿ ಹತ್ತು ವರ್ಷದ್ದಾಗಿದ್ದರೆ ಕುಡಿಯಲು ಯೋಗ್ಯವಾಗಿರುತ್ತಿತ್ತೆ? ನಮ್ಮ ಬಿಸಿಲಿನಲ್ಲಿ ಯಾವ ಮದ್ಯ ಉಳಿಯುತ್ತದೆ, ಯಾವುದು ಕೆಡುತ್ತದೆ? ಅಗ್ಗವಾಗಿ ಸಿಕ್ಕಿದ್ದನ್ನು ಕೊಂಡು ತುಂಬಿಡುವುದು ಜಾಣತನವೋ ನಷ್ಟವೋ? ಇವು ಇಂದು ಬೆಂಗಳೂರಿನ ಅಂಗಡಿಯಲ್ಲಿ ರಿಯಾಯಿತಿಯ ಚೀಟಿ ಅಂಟಿಸಿದ ವೈನ್ ಸೀಸೆಯನ್ನು ಕೈಯಲ್ಲಿ ಹಿಡಿದು ನಿಂತವನ ಪ್ರಶ್ನೆಗಳು. ಪರದೇಶದಿಂದ ಬಂದ ಪ್ರಶ್ನೆಗಳೆಂದು ತೋರುತ್ತವೆ. ವಾಸ್ತವವಾಗಿ ನಮ್ಮವರು ಎರಡು ಸಾವಿರ ವರ್ಷಗಳ ಹಿಂದೆಯೇ ಇವುಗಳಿಗೆ ತಕ್ಕಮಟ್ಟಿಗೆ ಉತ್ತರ ಬರೆದಿಟ್ಟಿದ್ದಾರೆ. ಕುಡಿಯದವರಿಗೂ ಅದನ್ನು ಓದಲು ನಿಷೇಧವಿಲ್ಲ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ ಸಿಕ್ಕಿ, 1909ರಲ್ಲಿ ಅದು ಅಚ್ಚಾದುದು ಸರ್ವವಿದಿತ. ಗ್ರಂಥದ ಕಾಲದ ವಿಚಾರದಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ, ಇರಲಿ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆಂದೇ ಒಂದು ಪ್ರಕರಣವಿದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಮದ್ಯದ ಜಾತಿಗಳನ್ನು ಅದು ಬೇರ್ಪಡಿಸುತ್ತದೆ. ದ್ರಾಕ್ಷಿಯ ರಸದಿಂದ ಆದದ್ದು ಮಾತ್ರ ಮಧು. ಅದರಲ್ಲಿಯೂ ಕಾಪಿಶಾಯನ, ಹಾರಹೂರಕ ಎಂದು ಹುಟ್ಟಿದ ದೇಶದಿಂದಲೇ ಹೆಸರು. ಕಾಪಿಶವೆಂದರೆ ಕಾಬೂಲಿನ ಉತ್ತರದ ಸೀಮೆ. ಫ್ರಾನ್ಸಿನವರು ಸೀಸೆಯ ಮೇಲೆ ಊರಿನ ಹೆಸರು ಬರೆಯುತ್ತಾರೆಂದು ಬೆರಗಾಗುವ ನಾವು ಈ ಎರಡು ಹೆಸರುಗಳನ್ನು ನೆನೆಯಬಹುದು.

ಪಾನಗೃಹದಲ್ಲಿ ಹಾಸಿಗೆ, ಆಸನ, ಗಂಧ, ಹೂಮಾಲೆ, ನೀರು ಇರಬೇಕು, ಋತುವಿಗೆ ತಕ್ಕ ಸುಖವಿರಬೇಕು ಎನ್ನುವ ಕೌಟಿಲ್ಯ, ಗಿರಾಕಿಗಳಲ್ಲಿ ಯಾರು ಮಿತಿಮೀರಿ ಖರ್ಚು ಮಾಡುತ್ತಾರೆಂದು ನೋಡಲು ಗೂಢಚಾರರನ್ನೂ ಅಲ್ಲಿಯೇ ಕೂರಿಸುತ್ತಾನೆ. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೆಲೆಯ ಕಟ್ಟಳೆ. ಮದ್ಯವನ್ನು ತಕ್ಕ ಬೆಲೆಗಿಂತ ಕಡಮೆಗೆ ಮಾರಕೂಡದು, ಸಾಲವಾಗಿಯೂ ಕೊಡಕೂಡದು. ಕೆಟ್ಟ ಮದ್ಯಕ್ಕೆ ಮಾತ್ರ ಈ ಕಟ್ಟಳೆಯಿಲ್ಲ. ಅದನ್ನೂ ಆ ಅಂಗಡಿಯಲ್ಲಲ್ಲ, ಬೇರೆಡೆ ಮಾರಬೇಕು. ಇಲ್ಲವೆ ದಾಸರಿಗೋ ಆಳುಗಳಿಗೋ ಕೂಲಿಗೆ ಬದಲಾಗಿ ಕೊಡಬೇಕು. ಅದೂ ಬೇಡವಾದರೆ ಹೊರೆ ಎಳೆಯುವ ಪಶುಗಳಿಗೋ ಹಂದಿಗಳಿಗೋ ಹಾಕಬೇಕು. ಎಂದರೆ ಕೌಟಿಲ್ಯನ ರಾಜ್ಯದಲ್ಲಿ ಮದ್ಯ ಅಗ್ಗವಾಯಿತೆಂದರೆ ಅದಕ್ಕೆ ಒಂದೇ ಅರ್ಥ: ಅದು ಕೆಟ್ಟಿದೆ. ಕೊಳ್ಳುವವನ ಮೂಗಿನ ಕೆಲಸವನ್ನು ಬೆಲೆಯೇ ಮಾಡುತ್ತಿತ್ತು. ಕೂಲಿಯವನಿಗೆ ಹುಳಿ ಮದ್ಯ ಹಾಕಿ ಲೆಕ್ಕ ಸರಿದೂಗಿಸುವ ಈ ನಿಯಮದ ಜಾಣತನವನ್ನು ಮೆಚ್ಚಬಹುದು, ಮನುಷ್ಯತ್ವವನ್ನು ಮೆಚ್ಚುವುದು ಕಷ್ಟ.

ಈ ಕಟ್ಟಳೆಗಳು ನಮ್ಮ ಸೀಮೆಯಲ್ಲಿ ನಡೆದುವೆಂದು ಹೇಳಲು ಆಧಾರವಿಲ್ಲ. ಅಶೋಕನ ಹೆಸರನ್ನೇ ಹೊತ್ತ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ ಮೌರ್ಯರ ಕೈ ರಾಯಚೂರಿನವರೆಗೆ ಚಾಚಿತ್ತೆಂಬುದಕ್ಕೆ ಸಾಕ್ಷಿ, ಅಷ್ಟೆ. ಮುಂದೆ ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಒಬ್ಬ ಗ್ರೀಕ್ ನಾವಿಕ ಬರೆದ ‘ಪೆರಿಪ್ಲಸ್’ ಎಂಬ ಗ್ರಂಥದಲ್ಲಿ ದಖ್ಖನಿನ ಮದ್ಯದ ವ್ಯಾಪಾರ ಸ್ಪಷ್ಟವಾಗಿ ಕಾಣುತ್ತದೆ. ಭರುಕಚ್ಛದ ಬಂದರಿನಲ್ಲಿ ಇಳಿಯುತ್ತಿದ್ದ ಸರಕಿನಲ್ಲಿ ಮಧುವಿಗೆ ಮೊದಲ ಸ್ಥಾನ. ಅದರಲ್ಲಿ ಇಟಲಿಯದಕ್ಕೆ ಹೆಚ್ಚಿನ ಬೇಡಿಕೆ, ಸಿರಿಯದ ಲವೊದಿಕೆಯದೂ ಅರಬ್ಬೀ ದೇಶದ್ದೂ ಉಂಟು. ಅರಸನಿಗೆಂದು ಬೇರೆಯೇ ಉತ್ತಮ ಮಧು. ಈ ಬಂದರಿಗೆ ಪೈಠಣದಿಂದಲೂ ತಗರದಿಂದಲೂ ಬಂಡಿಗಳು ಬರುತ್ತಿದ್ದುವು. ತಗರವೆಂದರೆ ಕಲಬುರಗಿಯ ಪಕ್ಕದ ಧಾರಾಶಿವ ಜಿಲ್ಲೆಯ ಇಂದಿನ ತೇರ್. ಹಾಗಿದ್ದಮೇಲೆ ಬಂಡಿಗಳು ಹಿಂದಿರುಗುವಾಗ ಒಂದೆರಡು ಹೂಜಿ ನಮ್ಮ ಕಡೆಗೂ ಬಂದಿರಬಹುದೆಂದು ಊಹಿಸಿದರೆ ತಪ್ಪಲ್ಲ.

ಆ ರೋಮನರೇ ಹಳೆಯ ಮಧುವಿನ ಹುಚ್ಚಿಗೆ ಹೆಸರಾದವರು. ಕ್ರಿಸ್ತಪೂರ್ವ 121ರ ಬೆಳೆಯ ಮಧು ಅವರಲ್ಲಿ ದಂತಕಥೆಯಾಗಿತ್ತು. ಸುಮಾರು ಇನ್ನೂರು ವರ್ಷಗಳ ಅನಂತರ ಅದರ ಗತಿಯನ್ನು ಪ್ಲಿನಿ ಬರೆದಿದ್ದಾನೆ: ಕಹಿಯಾದ ಜೇನಿನಂತೆ ಗಟ್ಟಿಯಾಗಿ, ಬೇರೆ ಮಧುವಿಗೆ ಚೂರು ಬೆರೆಸಲಷ್ಟೆ ಉಪಯೋಗ. ಬೆಲೆ ಮಾತ್ರ ಏರುತ್ತಲೇ ಇತ್ತು. ವಯಸ್ಸಿಗೂ ರುಚಿಗೂ ಇರುವ ನಂಟು ಒಂದು ಹಂತದಲ್ಲಿ ಕಡಿದುಹೋಗಿ, ವಯಸ್ಸಿಗೂ ಪ್ರತಿಷ್ಠೆಗೂ ನಂಟು ಬೆಳೆಯುವುದನ್ನು ಇಲ್ಲಿ ಕಾಣಬಹುದು.

ನಮ್ಮ ವೈದ್ಯರು ಈ ವಿಚಾರದಲ್ಲಿ ಹೆಚ್ಚು ಎಚ್ಚರದವರು. ಹೊಸ ಮದ್ಯ ಸಾಮಾನ್ಯವಾಗಿ ಜಡ, ದೋಷಗಳನ್ನು ಕೆರಳಿಸುತ್ತದೆ. ಹಳೆಯದು ಹಗುರ, ಹಸಿವನ್ನು ಹೆಚ್ಚಿಸುತ್ತದೆ ಎಂದು ಚರಕಸಂಹಿತೆ. ಆಸವಗಳು ಹಳತಾದಷ್ಟೂ ಗುಣ ಹೆಚ್ಚು ಎಂದು ಶಾರ್ಙ್ಗಧರ. ‘ಅರಿಷ್ಟ’ ಎಂಬ ಮಾತಿಗೇ ಕೇಡಿಲ್ಲದ್ದು ಎಂಬ ಅರ್ಥವಿದೆ. ಆದರೆ ಅವರು ಎಲ್ಲ ಮದ್ಯವನ್ನೂ ಎತ್ತಿಡಿ ಎನ್ನಲಿಲ್ಲ. ಬೆಲ್ಲವನ್ನೂ ಮೂಲಿಕೆಗಳನ್ನೂ ಕೂಡಿಸಿ, ಪಾತ್ರೆಯ ಬಾಯಿಗೆ ಮಣ್ಣು ಮೆತ್ತಿ, ಧಾನ್ಯದ ರಾಶಿಯಲ್ಲಿ ಹೂತಿಟ್ಟದ್ದನ್ನು ಮಾತ್ರ ಕಾಯಿರಿ ಎಂದರು. ಒಳಗಿನ ಸತ್ತ್ವ ಗಟ್ಟಿಯಿದ್ದರೆ ಕಾಲ ಅದನ್ನು ಪಕ್ವ ಮಾಡುತ್ತದೆ. ಇಲ್ಲದಿದ್ದರೆ ಹುಳಿ ಮಾಡುತ್ತದೆ. ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳ ಸೀಸೆಗಳು ಇಂದಿಗೂ ಯಾವ ಪೇಟೆಯ ಔಷಧದಂಗಡಿಯಲ್ಲಿಯೂ ಸಿಗುತ್ತವೆ.

ಧಾನ್ಯರಾಶಿಯೆಂದಾಗ ನಮ್ಮ ಸೀಮೆಯ ಹಗೇವು ನೆನಪಾಗದಿರದು. ಜೋಳ ತುಂಬಿಡಲು ನೆಲದೊಳಗೆ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಮೇಲೆ ಮಣ್ಣು ಮುಚ್ಚುತ್ತಿದ್ದ ಈ ಕಣಜಗಳು ಒಂದು ಕಾಲಕ್ಕೆ ರಾಯಚೂರು, ಬಿಜಾಪುರ, ಧಾರವಾಡದ ಊರೂರಲ್ಲಿ ಇದ್ದುವು. ತೆರೆದೊಡನೆ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಆಳು ಸತ್ತಾನು; ಮೊದಲು ದೀಪ ಇಳಿಬಿಟ್ಟು ಅದು ಉರಿಯುವುದೇ ಎಂದು ನೋಡಬೇಕು. ಪಾಶ್ಚಾತ್ಯರು ಮಧುವಿಗೆಂದು ನೆಲಮಾಳಿಗೆ ಕಟ್ಟಿದ ಹಾಗೆ ನಾವು ಜೋಳಕ್ಕೆಂದು ಕಟ್ಟಿದೆವು. ಹಗೇವಿನಲ್ಲಿ ಮಧು ಇಟ್ಟರೇನಾಗುತ್ತಿತ್ತು? ನೆಲದ ಆಳದಲ್ಲಿ ಉಷ್ಣ ಏರಿಳಿಯುವುದಿಲ್ಲ, ಅದು ಲಾಭ. ಆದರೆ ಅಲ್ಲಿನ ಉಷ್ಣ ಆ ಊರಿನ ವರ್ಷದ ಸರಾಸರಿಯಷ್ಟೇ ಇರುತ್ತದೆ. ಫ್ರಾನ್ಸಿನಲ್ಲಿ ಅದು 12 ಡಿಗ್ರಿಯ ಆಸುಪಾಸು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ 27ರ ಸುತ್ತಮುತ್ತ. ಅಲ್ಲಿ ಹತ್ತು ವರ್ಷ ನಿಧಾನವಾಗಿ ಮಾಗುವುದು ಇಲ್ಲಿ ಕೆಲವೇ ವರ್ಷಗಳಲ್ಲಿ ಮುಪ್ಪಾಗುತ್ತದೆ. ನಮ್ಮಲ್ಲಿ ಮಧುವಿನ ನೆಲಮಾಳಿಗೆ ಬೆಳೆಯದಿದ್ದುದಕ್ಕೆ ಧರ್ಮ, ನೀತಿಗಳ ಜೊತೆಗೆ ಮಣ್ಣೂ ಕಾರಣ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಸುಮಾರು 1130ರಲ್ಲಿ, ದ್ರಾಕ್ಷಿ, ಕಬ್ಬು, ತಾಳೆ, ಖರ್ಜೂರ ಮೊದಲಾದವುಗಳ ಮದ್ಯದ ಮಾತು ಬರುತ್ತದೆ; ಅದು ಅರಮನೆಯ ವಿನೋದ. ಕೆಲವೇ ದಶಕಗಳಾದ ಮೇಲೆ ಶರಣರ ನಡುವೆ ಹೆಂಡದ ಮಾರಯ್ಯನಿದ್ದಾನೆ. ಅದು ಬೀದಿಯ ವ್ಯಾಪಾರ. ಬೀದಿಯ ಸೇಂದಿಗೆ ಎತ್ತಿಡುವ ಪ್ರಶ್ನೆಯೇ ಇಲ್ಲ. ಬೆಳಗ್ಗೆ ಸಿಹಿ, ಸಂಜೆಗೆ ಹುಳಿ, ಮರುದಿನಕ್ಕೆ ಬಾಯಿಗಿಡಲಾಗದು. ಹೊತ್ತು ಇಳಿದಂತೆ ಮಾಲಿನ ಯೋಗ್ಯತೆಯೂ ಇಳಿಯುವ ಈ ಸರಕಿನಲ್ಲಿ ರಿಯಾಯಿತಿಯ ಕಾರಣವನ್ನು ಯಾರೂ ಕೇಳಬೇಕಾಗಿಲ್ಲ.

ಸುಲ್ತಾನರ ಬಟ್ಟಲಿಗೆ ಹಿಂದಿರುಗೋಣ. ಸಾಲದ ಮದ್ಯ ಬೇಡವೆಂದ ಕೌಟಿಲ್ಯನ ಮಾತಿಗೆ ಬಹಮನಿ ಮೊದಲನೆಯ ಮುಹಮ್ಮದ್ ಶಾಹನಷ್ಟು ದೊಡ್ಡ ಉದಾಹರಣೆ ಬೇರಿಲ್ಲ. 1366ರ ಸುಮಾರಿಗೆ ಅಮಲಿನಲ್ಲಿದ್ದಾಗ ಗಾಯಕರ ಬಹುಮಾನಕ್ಕೆಂದು ಅವನು ವಿಜಯನಗರದ ಬೊಕ್ಕಸದ ಮೇಲೆ ಹುಂಡಿ ಬರೆದುಕೊಟ್ಟನೆಂದೂ, ಕೆರಳಿದ ಬುಕ್ಕರಾಯ ಮುದಗಲ್ಲಿನ ಮೇಲೆ ಬಿದ್ದನೆಂದೂ ಫೆರಿಷ್ತಾ ಬರೆಯುತ್ತಾನೆ. ಕುಡಿದವನೊಬ್ಬ, ಹಣ ಕೊಡಬೇಕಾದವನೊಬ್ಬ. ತೆತ್ತವರು ನಮ್ಮ ದೋಆಬಿನ ಒಕ್ಕಲುಮಕ್ಕಳು.

ದೂರದಿಂದ ಬಂದ ಮಧುವಿನ ಬೆಲೆ ಎಷ್ಟೆಂಬುದನ್ನು 17ನೆಯ ಶತಮಾನದ ಫ್ರೆಂಚ್ ವೈದ್ಯ ಬರ್ನಿಯೇ ತಿಳಿಸುತ್ತಾನೆ. ದಿಲ್ಲಿಯಲ್ಲಿ ಸಿಗುತ್ತಿದ್ದುದು ಎರಡೇ: ಪಾರಸಿಯ ಷೀರಾಜಿನದು, ಡಚ್ಚರು ತರುತ್ತಿದ್ದ ಕ್ಯಾನರಿ ದ್ವೀಪದ್ದು. ಷೀರಾಜಿನದು ಬಂದರ್ ಅಬ್ಬಾಸಿಗೆ ನೆಲದ ಮೇಲೆ, ಸೂರತ್ತಿಗೆ ಹಡಗಿನಲ್ಲಿ, ಅಲ್ಲಿಂದ ದಿಲ್ಲಿಗೆ 46 ದಿನದ ಹಾದಿ. ಬೆಲೆ ಕೇಳಿದಮೇಲೆ ರುಚಿಯೇ ಉಳಿಯುವುದಿಲ್ಲವೆಂದು ಅವನ ಗೊಣಗಾಟ.

ಬಿಸಿಲಿನ ಪ್ರಶ್ನೆಗೆ ಒಂದು ವಿಚಿತ್ರ ಉತ್ತರ ಸಿಕ್ಕಿದ್ದು ಸಮುದ್ರದ ಮೇಲೆ. ಮದೀರಾ ದ್ವೀಪದ ಮಧು ಹಡಗಿನ ತಳದಲ್ಲಿ ಉಷ್ಣವಲಯವನ್ನು ದಾಟಿ ಇಂಡಿಯಾಕ್ಕೆ ಬಂದು ಮರಳಿದರೆ ಕೆಡುವುದಕ್ಕೆ ಬದಲಾಗಿ ಇನ್ನೂ ಉತ್ತಮವಾಗುತ್ತಿತ್ತು! ಭಟ್ಟಿಯಿಳಿಸಿದ ಮದ್ಯ ಬೆರೆಸಿ ಅದರ ಮೈಯನ್ನು ಮೊದಲೇ ಗಟ್ಟಿ ಮಾಡಿರುತ್ತಿದ್ದರು. ನಮ್ಮ ಅರಿಷ್ಟದ ತತ್ತ್ವಕ್ಕೆ ಇದು ಬಹು ದೂರವಲ್ಲ. ‘ಇಂಡಿಯಾ ಕಂಡು ಬಂದ’ ಪೀಪಾಯಿಗೆ ಲಂಡನ್ನಿನಲ್ಲಿ ಹೆಚ್ಚು ಬೆಲೆ. ಇತ್ತ ಮೃತ ಅಧಿಕಾರಿಯ ಸಾಮಾನುಗಳನ್ನು ಹರಾಜು ಹಾಕುವುದು ಕಂಪೆನಿಯ ದಂಡಿನಲ್ಲಿ ರೂಢಿ. ಅಲ್ಲಿ ಮಾಲು ಅಗ್ಗವಾಗುತ್ತಿದ್ದುದು ಅದು ಕೆಟ್ಟುದರಿಂದಲ್ಲ, ಒಡೆಯ ಹೋದುದರಿಂದ. ಕೌಟಿಲ್ಯ ಕಾಣದ ಅಗ್ಗ ಇದು.

ಇಂದಿನ ಕರ್ನಾಟಕದಲ್ಲಿ ಈ ಎರಡು ಬಗೆಯ ಅಗ್ಗವೂ ಉಂಟು. ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಮನೆತನ 1988ರಲ್ಲಿ ಕಂಪೆನಿ ಕಟ್ಟಿ ಫ್ರೆಂಚ್ ತಳಿಗಳ ದ್ರಾಕ್ಷಿಯನ್ನು ಬೆಳೆಸಿತು. 2007ರಲ್ಲಿ ಸರ್ಕಾರ ದ್ರಾಕ್ಷಾರಸ ನೀತಿಯನ್ನು ತಂದು ಮಂಡಳಿಯೊಂದನ್ನು ಸ್ಥಾಪಿಸಿತು. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಹೆಸರೂ ಕೇಳಿಬಂತು. ಮಳಿಗೆಗಳಲ್ಲಿ, ವೈನ್ ಮೇಳಗಳಲ್ಲಿ ರಿಯಾಯಿತಿಯ ಸೀಸೆ ಕಂಡಾಗ ನೋಡಬೇಕಾದುದು ಬೆಲೆಯ ಚೀಟಿಯನ್ನಲ್ಲ, ದ್ರಾಕ್ಷಿ ಕೊಯ್ದ ವರ್ಷವನ್ನು. ಬಿಳಿಯದು, ಗುಲಾಬಿ ಬಣ್ಣದ್ದು ಎರಡು ಮೂರು ವರ್ಷ ದಾಟಿದ್ದರೆ ಅದು ಕೌಟಿಲ್ಯನ ಅಗ್ಗ, ಬಿಟ್ಟುಬಿಡುವುದು ಲೇಸು. ಈ ವರ್ಷದ್ದೇ ಆಗಿದ್ದು, ಅಂಗಡಿಯವನು ಜಾಗ ಖಾಲಿ ಮಾಡುತ್ತಿದ್ದರೆ ಹರಾಜಿನ ಅಗ್ಗ. ಕೊಳ್ಳಬಹುದು, ಬೇಗ ಮುಗಿಸಬೇಕು. ಎತ್ತಿಡಲು ತಕ್ಕುದು ಓಕ್ ಮರದ ಪೀಪಾಯಿಯಲ್ಲಿ ಮಾಗಿದ, ಒಗರು ಗಟ್ಟಿಯಿರುವ ಕೆಂಪು ಮಧು ಮಾತ್ರ. ಅದಕ್ಕೂ ತಂಪಾದ ಕತ್ತಲೆಯ ಎಡೆ ಬೇಕು. ಅಡುಗೆಮನೆಯ ಅಟ್ಟದ ಮೇಲೆ ರಾಯಚೂರಿನ ಒಂದು ಬೇಸಿಗೆ ಕಳೆದರೆ ಎಂತಹ ಕುಲೀನ ಸೀಸೆಯೂ ಹಂದಿಗಳ ಪಾಲಿನದಾಗುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ಸಿಹಿ ಕೆಂಪನ್ನು ಕಾದಿಡುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಸೀಸೆಯ ಮೇಲಿನ ‘ಷೀರಾಜ್’ ಎಂಬ ಹೆಸರಿಗೂ ಮರುಳಾಗಬೇಕಿಲ್ಲ. ಆ ದ್ರಾಕ್ಷಿಯ ತಾಯಿ ತಂದೆ ಎರಡೂ ಫ್ರಾನ್ಸಿನ ತಳಿಗಳೆಂದು ಕಳೆದ ಶತಮಾನದ ಕೊನೆಯಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿದುಬಂದಿದೆ. ಪಾರಸಿಯ ಪಟ್ಟಣಕ್ಕೂ ಅದಕ್ಕೂ ಹೆಸರಿನದಷ್ಟೇ ಸಂಬಂಧ.

ಇಷ್ಟಾಗಿ, ಕೃಷ್ಣಾ ಕಣಿವೆಯ ದ್ರಾಕ್ಷಿಯಲ್ಲಿ ಸೀಸೆ ಸೇರುವುದು ಸ್ವಲ್ಪವೇ. ಇಸ್ಮಾಯಿಲನ ರಾಜಧಾನಿಯಾಗಿದ್ದ ವಿಜಯಪುರದ ಸುತ್ತ ಇಂದು ನೋಡಿದರೆ ತೋಟಗಳ ಬದಿಯಲ್ಲಿ ನೆರಳಿನ ಚಪ್ಪರಗಳು, ಅವುಗಳೊಳಗೆ ಬಲೆಯ ಅಟ್ಟಣಿಗೆಗಳು, ಅವುಗಳ ಮೇಲೆ ಹರವಿದ ಹಸಿರು ದ್ರಾಕ್ಷಿ. ಎರಡು ಮೂರು ವಾರಗಳಲ್ಲಿ ಅದು ಒಣಗಿ, ಪೆಟ್ಟಿಗೆ ತುಂಬಿ, ಬೆಲೆ ಬರುವವರೆಗೆ ಶೀತಗೃಹ ಸೇರುತ್ತದೆ.